ಬಿಸಿಲಟ್ಟದಲ್ಲಿ ನೀಲವ್ವ

ಹುಬ್ಬಳ್ಳಿ, ಇಸವಿ ೨೩೧೮, ಹದಿಮೂರನೆಯ ತಿಂಗಳು

ನಮಗಿಂತ ಎಷ್ಟೋ ತಲೆಮಾರು ಹಿಂದೆ ಈ ಊರಿನಲ್ಲಿ ನಡೆದಾಡುತ್ತಿರುವ ಹಿರಿಯರಿಗೆ ಇಂದುಮತಿ ಕೊಪ್ಪದ ಮಾಡುವ ನಮಸ್ಕಾರಗಳು. ಬೇಸಗೆ ಬೆಳೆದು ಬೆಳೆದು ಅದಕ್ಕೆಂದೇ ನಾವು ಒಂದು ಹೊಸ ತಿಂಗಳನ್ನು ಮಾಡಿಕೊಂಡಿದ್ದೇವೆ. ನನ್ನ ತಾರೀಖೂ ಕೆಲವು ಮಾತುಗಳೂ ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಬೇಕು.

ಕೆಲಸ ಮುಗಿದ ಮೇಲೆ ನಾಲ್ಕು ಮಂದಿ ಸೇರಿ ಕುಡಿಯುತ್ತ ಹರಟಲು ಎಲ್ಲಿಗೆ ಹೋಗೋಣ ಎಂದು ನೀವು ಸಂಜೆ ಕೇಳಿಕೊಳ್ಳುತ್ತೀರಂತೆ. ನಾವು ಅದನ್ನು ಬೆಳಗಾಗುವಾಗ ಕೇಳಿಕೊಳ್ಳುತ್ತೇವೆ. ಹಗಲು ಮೈ ಸುಡತೊಡಗಿದ ಮೇಲೆ ಊರು ರಾತ್ರಿಗೆ ಹೊರಳಿತು. ಶಾಲೆ, ಸಂತೆ, ಕಚೇರಿ ಎಲ್ಲವೂ ಈಗ ನಕ್ಷತ್ರಗಳ ಕೆಳಗೆ. ಮೂಡಣ ಕೆಂಪಾದರೆ ಎಲ್ಲರೂ ತಂಪುಬೀದಿಗೆ ಇಳಿಯುತ್ತೇವೆ. ತಂಪುಬೀದಿಯೆಂದರೆ ನೆಲ ಕೊರೆದು ಮಾಡಿದ ಓಣಿ. ಅದರ ಗೋಡೆಗಳೇ ಮಂದವಾಗಿ ಬೆಳಗುತ್ತವೆ, ಅವುಗಳ ಮೈಮೇಲೆ ನೀರು ಸದಾ ಜಿನುಗುತ್ತಿರುತ್ತದೆ. ದುರ್ಗದಬೈಲಿನ ಅಡಿಯಲ್ಲಿ ನವಣೆಹುಳಿ ಸಿಗುತ್ತದೆ. ನವಣೆ ಹುದುಗಿಸಿ ಮಾಡಿದ, ತುಸು ಕಹಿಯಾದ ಮದ್ಯ ಅದು. ಬೀದಿಯ ಧಾರವಾಡದ ತುದಿಗೆ ಹೋದರೆ ಚಾಪೆಯ ಮೇಲೆ ಮಲಗಿ ಸಿತಾರ್ ಕೇಳುತ್ತ ಗುಟುಕರಿಸಬಹುದು. ಹಲವರು ಅಲ್ಲೇ ನಿದ್ದೆ ಹೋಗುತ್ತಾರೆ, ಯಾರೂ ಎಬ್ಬಿಸುವುದಿಲ್ಲ.

ನೆಲದ ಮೇಲಿರುವ ಮದ್ಯದಂಗಡಿ ಒಂದೇ ಒಂದು, ನೃಪತುಂಗ ಬೆಟ್ಟದ ನೆತ್ತಿಯ ಬಿಸಿಲಟ್ಟ. ದಪ್ಪ ಗಾಜಿನ ಆ ಮನೆಯಲ್ಲಿ ಸುಡುವ ಹಗಲನ್ನು ನೋಡುತ್ತ ಕುಡಿಯಬಹುದು. ಹೋಗುವವರು ಕಡಿಮೆ.

ನನ್ನ ಅತ್ತೆ ನೀಲವ್ವನಿಗೆ ಅಲ್ಲಿಗೇ ಹೋಗಬೇಕಿತ್ತು. ಎಪ್ಪತ್ತು ದಾಟಿದ ಅವರು ಅದುವರೆಗೆ ಹನಿ ಮದ್ಯ ಮುಟ್ಟಿದವರಲ್ಲ. ಕಣ್ಣು ಮಂಜಾಗುತ್ತಿತ್ತು. ಇದಕ್ಕೆ ಮದ್ದಿಲ್ಲ, ಬಿಸಿಲು ಕಂಡರೆ ಉಳಿದದ್ದೂ ಬೇಗ ಹೋದೀತು ಎಂದು ವೈದ್ಯರು ಹೇಳಿದ್ದರು. ಅದನ್ನು ಕೇಳಿದ ಮೇಲೆ ನನ್ನ ಗಂಡ ಚನ್ನವೀರ ತಾಯಿಯ ಕೋಣೆಯ ಗೋಡೆಗಳ ಬೆಳಕನ್ನು ಕೂಡ ತಗ್ಗಿಸಿಬಿಟ್ಟ. ಬಿಸಿಲಟ್ಟದ ಮಾತೆತ್ತಿದರೆ ಎದ್ದು ಹೋಗುತ್ತಿದ್ದ.

ಒಂದು ಮುಂಜಾನೆ ಅತ್ತೆ ನನ್ನ ಸೆರಗು ಹಿಡಿದು ಕೂರಿಸಿಕೊಂಡರು.

“ಇಂದೂ, ಕತ್ತಲಾಗೂದು ಆಗೇ ಆಗ್ತದ. ಅದಕ್ಕಿಂತ ಮೊದ್ಲ ಒಮ್ಮೆ ಬಿಸಲಾಗ ಕುಂತು ಕುಡದು ಬರೂಣು ನಡಿ.”

ಗಂಡ ಮಲಗಿದ ಮೇಲೆ ಇಬ್ಬರೂ ಹೊರಟೆವು.

ಬೆಟ್ಟದ ಹೊಟ್ಟೆಯೊಳಗಿನ ಲಿಫ್ಟು ನಮ್ಮನ್ನು ಮೇಲಕ್ಕೆ ಒಯ್ದಿತು. ಬಾಗಿಲು ತೆರೆದಾಗ ಬೆಳಕು ಎಷ್ಟು ದೊಡ್ಡದಾಗಿತ್ತೆಂದರೆ ನಾನು ಮುಖ ಮುಚ್ಚಿಕೊಂಡೆ. ಅತ್ತೆ ಮುಚ್ಚಿಕೊಳ್ಳಲಿಲ್ಲ. ಅಂಗಡಿಯ ಹುಸೇನಸಾಬ ಕಪ್ಪು ಕನ್ನಡಕ ತಂದುಕೊಟ್ಟರೆ ಅದನ್ನು ಮಡಚಿ ಮೇಜಿನ ಮೇಲಿಟ್ಟರು. ಕೆಳಗೆ ಊರು ಒಂದು ನರಪಿಳ್ಳೆಯೂ ಇಲ್ಲದೆ ಬೆಳ್ಳಗೆ ಬಿದ್ದುಕೊಂಡಿತ್ತು. ಉಣಕಲ್ ಕೆರೆ ಯಾರೋ ಬಿಚ್ಚಿ ಹರವಿದ ಜರಿಸೀರೆಯ ಹಾಗೆ ಅಲುಗುತ್ತಿತ್ತು. ಹುಸೇನಸಾಬ ಎರಡು ಲೋಟ ನವಣೆಹುಳಿ ಇಟ್ಟು ದೂರ ಹೋಗಿ ಕುಳಿತರು. ಅತ್ತೆ ಒಂದು ಗುಟುಕು ಕುಡಿದು ಮುಖ ಕಿವುಚಿದರು, ಇನ್ನೊಂದು ಗುಟುಕು ಕುಡಿದು ನಕ್ಕರು. ಆಮೇಲೆ ಮೇಜಿನ ಮೇಲೆ ಕೈಯೆತ್ತಿ ಬೆರಳುಗಳನ್ನು ಮೆಲ್ಲಗೆ ಆಡಿಸಿದರು. ಕೆಳಗೆ ಇನ್ನೊಂದು ಕೈ ಕಪ್ಪಗೆ, ಸ್ಪಷ್ಟವಾಗಿ ಆಡಿತು. ನಮ್ಮ ಬೆಳಗುವ ಗೋಡೆಗಳ ನಡುವೆಯೂ ನಕ್ಷತ್ರಗಳ ಕೆಳಗೂ ನೆರಳು ಬೀಳುವುದಿಲ್ಲ. ನಲವತ್ತು ದಾಟಿದ ನಾನು ನನ್ನ ನೆರಳನ್ನು ಕಂಡದ್ದು ಅಂದೇ. ಇಬ್ಬರೂ ಬಹಳ ಹೊತ್ತು ಮಕ್ಕಳಂತೆ ಕೈ ಆಡಿಸುತ್ತ ಕುಳಿತೆವು. ಅತ್ತೆ ತಮ್ಮ ಬೆರಳಿನ ನೆರಳಿನಿಂದ ನನ್ನ ಬೆರಳಿನ ನೆರಳನ್ನು ಹಿಡಿದರು. ಕೈಗೆ ಕೈ ತಾಕಿರಲಿಲ್ಲ, ಆದರೂ ನನಗೆ ಹಿಡಿದಂತೆಯೇ ಅನಿಸಿತು.

ಮುಂದಿನ ದೀಪಾವಳಿಯ ಹೊತ್ತಿಗೆ ಅವರ ಕಣ್ಣು ಪೂರ್ತಿ ಹೋಯಿತು. ಅಂದಿನ ಬಿಸಿಲಿನಿಂದಲೋ, ಹೇಗೂ ಹೋಗುವುದಿತ್ತೋ, ವೈದ್ಯರಿಗೂ ಹೇಳಲಾಗಲಿಲ್ಲ. ನಾವು ಹೋಗಿದ್ದ ಸಂಗತಿ ಅತ್ತೆಯ ಬಾಯಿಂದಲೇ ತಿಳಿದು ಚನ್ನವೀರ ನನ್ನೊಡನೆ ಮಾತು ಬಿಟ್ಟ. ನಾನು ಬಡಿಸಿದರೆ ತಟ್ಟೆ ನೋಡಿಕೊಂಡು ಉಂಡು ಎದ್ದುಬಿಡುತ್ತಿದ್ದ. ಕೊನೆಗೆ ಅತ್ತೆಯೇ ಅವನನ್ನು ಹತ್ತಿರ ಕರೆದರು.

“ಕಣ್ಣು ನಂದು, ತಮ್ಮಾ. ಯಾವುದಕ್ಕ ಖರ್ಚು ಮಾಡಬೇಕಂತ ನನಗ ಗೊತ್ತಿತ್ತು.”

ಅವನು ತಾಯಿಯ ಮಡಿಲಲ್ಲಿ ತಲೆಯಿಟ್ಟು ಅತ್ತ. ಈಗ ಅತ್ತೆಯನ್ನು ಬಿಸಿಲಟ್ಟಕ್ಕೆ ಕರೆದೊಯ್ಯುವವನು ಅವನೇ. ಅವರು ಬಿಸಿಲಿಗೆ ಮುಖವೊಡ್ಡಿ ಗುಟುಕರಿಸುತ್ತಾರೆ, ಅವನು ಕೆರೆ ಇಂದು ಯಾವ ಬಣ್ಣದಲ್ಲಿದೆ ಎಂದು ಹೇಳುತ್ತಾನೆ. ಮೊದಮೊದಲು ನೀಲಿ ಎಂದಷ್ಟೇ ಹೇಳುತ್ತಿದ್ದವನು ಈಗ ಒಂದು ಲೋಟ ಮುಗಿಯುವವರೆಗೂ ಹೇಳುತ್ತಲೇ ಇರುತ್ತಾನೆ.

ಹಿರಿಯರೇ, ನಿಮ್ಮಲ್ಲಿ ಒಂದು ಕೋರಿಕೆ. ಈ ಸಂಜೆ ಗೆಳೆಯರೊಡನೆ ದೀಪದ ಮಂಕಿನಲ್ಲಿ ಕೂರಲು ಹೋಗುವಾಗ ಬಾಗಿಲಲ್ಲಿ ಒಂದಿಷ್ಟು ನಿಲ್ಲಿ. ನಿಮ್ಮ ಬೆನ್ನ ಹಿಂದೆ ಹೊತ್ತು ಮುಳುಗುತ್ತಿರುತ್ತದೆ, ನೆರಳುಗಳು ಉದ್ದವಾಗಿ ರಸ್ತೆ ದಾಟುತ್ತಿರುತ್ತವೆ. ಅಷ್ಟನ್ನು ನೋಡಿ ಒಳಗೆ ಹೋಗಿ. ಗೆಳೆಯರು ಕಾಯುತ್ತಾರೆ.