ವೇಬ್ರಿಡ್ಜ್ ಹತ್ತಿದ ದೋಣಿ

ಮಾವ, ಮೊದಲು ಕೂತ್ಕೊಳ್ಳಿ. ಇದು ನಿಂತು ಓದುವ ಕಾಗದ ಅಲ್ಲ.

ನಾವು ದೋಣಿ ತಗೊಂಡೆವು. ಮೋಟಾರು ದೋಣಿ. ಬಾಡಿಗೆಗಲ್ಲ, ಮೀನು ಹಿಡಿಯುವುದಕ್ಕಲ್ಲ, ಬರೀ ಭಾನುವಾರ ಸುತ್ತಾಡುವುದಕ್ಕೆ. ಇದನ್ನು ಓದಿ ನಿಮ್ಮ ಮುಖ ಹೇಗಾಗಿರುತ್ತದೆ ಅಂತ ನನಗೆ ಗೊತ್ತು. ರೇಷ್ಮೆ ಗೂಡಿನಿಂದ ನೂಲು ತೆಗೆದು ಬದುಕುವವರ ಮನೆಗೆ ದೋಣಿ ಯಾಕೆ ಅಂತ ತಾನೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ಯಾರಿಗೂ ತಲೆ ಕೆಟ್ಟಿಲ್ಲ. ಸಾಲವನ್ನೂ ಮಾಡಿಲ್ಲ. ಪೂರ್ತಿ ಓದಿ, ಆಮೇಲೆ ಬೈಯಿರಿ.

ಮದುವೆಯಾಗಿ ಬಂದ ಎರಡನೇ ವರ್ಷ ನನ್ನನ್ನು ರಾಮನಗರದ ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದಿರಲ್ಲ, ನೆನಪಿದೆಯಾ? ಅಷ್ಟು ಜನ ಗಂಡಸರ ನಡುವೆ ನಾನೊಬ್ಬಳೇ ಹೆಂಗಸು. ಗೂಡು ಸುರಿದಿದ್ದ ಜಾಲರಿಯ ಮುಂದೆ ನಿಲ್ಲಿಸಿ, "ಮ್ಯಾಲಿರೋದು ತೋರ್ಸಕ್ಕೆ ಕಣವ್ವ. ತಳಕ್ಕೆ ಕೈ ಹಾಕು" ಅಂದಿರಿ. ಮೊಣಕೈವರೆಗೂ ಹಾಕಿದೆ. ತಳದ ಒಂದು ಗೂಡನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಹುಳದ ಸದ್ದು ಕೇಳಿಸಿದಿರಿ. ಸದ್ದು ಬರದಿದ್ದರೆ ಹುಳ ಒಳಗೇ ಕರಗಿದೆ ಅಂತ ತಿಳಿ ಅಂದಿರಿ. ಆಮೇಲೆ ಎಷ್ಟು ವರ್ಷ ನನ್ನ ಮಾತಿನ ಮೇಲೆಯೇ ಬಿಡ್ ಹಾಕಿದಿರಿ. "ನಮ್ಮನೇಲಿ ಗೂಡು ನೋಡೋ ಕಣ್ಣು ಸೊಸೇದೆ" ಅಂತ ನಾಲ್ಕು ಜನರ ಮುಂದೆ ಹೇಳುತ್ತಿದ್ದಿರಿ. ನನಗೆ ನಾಚಿಕೆಯಾಗುತ್ತಿತ್ತು, ಖುಷಿಯೂ ಆಗುತ್ತಿತ್ತು.

ನೀವು ತೀರಿಹೋದ ಮೂರನೇ ತಿಂಗಳಲ್ಲಿ ಏನಾಯಿತು ಅಂತ ನಿಮಗೆ ಯಾರು ಹೇಳಬೇಕು? ನಾನೇ ಹೇಳುತ್ತೇನೆ. ಮಳೆಗಾಲದ ಒಂದು ಬೆಳಿಗ್ಗೆ, ನೀವಿಲ್ಲದೆ ನಾನೇ ಆರಿಸಿದ ಗೂಡಿನ ಮೊದಲ ದೊಡ್ಡ ಲಾಟು ಅದು. ಕೈಗೆ ಘನವಾಗಿತ್ತು. ತೂಕದ ಮಾಲು ಅಂತ ಹಿಗ್ಗಿ ಕೊಂಡುಬಿಟ್ಟೆ. ಶೆಡ್ಡಿಗೆ ತಂದು ಬೇಯಿಸಿದರೆ ಎಳೆ ಹತ್ತು ಸುತ್ತಿಗೊಮ್ಮೆ ಕಿತ್ತು ಬರುತ್ತಿತ್ತು. ಮಳೆಗೆ ಸಿಕ್ಕ ಗೂಡು ಮಾವ, ತೂಕವೆಲ್ಲ ನೀರಿನದು. ನಿಮ್ಮ ಮಗ ಒಂದು ಮಾತೂ ಬೈಯಲಿಲ್ಲ. "ಬುಡು, ನಾಳೆಯಿಂದ ನಾನೇ ಹೋಯ್ತೀನಿ" ಅಂದರು ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಎರಡು ವರ್ಷ ನಾನು ಮಾರುಕಟ್ಟೆಯ ಕಡೆ ತಲೆ ಹಾಕಲಿಲ್ಲ, ಅವರೂ ಬಾ ಅನ್ನಲಿಲ್ಲ. ಆ ಕಣ್ಣು ನಿಜವಾಗಿಯೂ ನನ್ನದಾಗಿತ್ತಾ, ಅಥವಾ ನೀವು ಪಕ್ಕದಲ್ಲಿದ್ದಿರಿ ಅಂತ...

ಇರಲಿ, ದೋಣಿಗೆ ಬರುತ್ತೇನೆ. ಶಿವರಾತ್ರಿ ಕಳೆದ ಮೇಲಿನ ಒಂದು ಭಾನುವಾರ ಪವಿತ್ರ ಅದರ ಮಾತೆತ್ತಿದಳು. ನಿಮ್ಮ ಮೊಮ್ಮಗಳು ಈಗ ಮಾಗಡಿಯ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ನೂಲು ತೆಗೆಯುವ ಹೊಸ ಯಂತ್ರ ಬಂದ ಮೇಲೆ ಭಾನುವಾರ ಶೆಡ್ಡಿಗೆ ರಜೆ. ಊಟ ಮಾಡುತ್ತಾ ಅವಳು, "ಈ ಮನೆಯೋರಿಗೆ ನೀರು ಅಂದ್ರೆ ಗೂಡು ಬೇಯ್ಸೋ ಬಿಸಿನೀರೊಂದೆಯಾ? ಕಣ್ವ ಡ್ಯಾಮು ಇಷ್ಟ್ ಹತ್ರ ಐತೆ, ಒಂದು ದೋಣಿ ತಗಳಣ" ಅಂದಳು. ತಮಾಷೆಗೆ ಅಂದಿದ್ದಳೋ ಏನೋ. ನಿಮ್ಮ ಮಗ ಮುದ್ದೆ ಮುರಿಯುವುದನ್ನು ನಿಲ್ಲಿಸಿ, "ಎಷ್ಟಾಯ್ತದೆ?" ಅಂದರು. ಆ ದನಿ ಕೇಳಿಯೇ ಇವರು ಕೊಂಡೇ ಕೊಳ್ಳುತ್ತಾರೆ ಅಂತ ನನಗೆ ಗೊತ್ತಾಯಿತು. ಆಮೇಲೆ ಅನುಮತಿ ಪತ್ರಕ್ಕೆ, ನೋಂದಣಿಗೆ ಕಚೇರಿ ಕಚೇರಿ ಅಲೆದ ಕಥೆ ಬೇಡ ಬಿಡಿ.

ಮೊದಲು ನೋಡಿದ್ದು ಗಾಳಿ ತುಂಬುವ ರಬ್ಬರ್ ದೋಣಿ. ಬೆಲೆ ಕಡಿಮೆ, ಮಡಚಿ ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಬರಬಹುದು. ಪವಿತ್ರಳಿಗೆ ಬಹಳ ಹಿಡಿಸಿತು. ನಾನು ಅಂಗಡಿಯವನಿಗೆ ಕೇಳಿದ್ದು ಒಂದೇ ಮಾತು: "ನಮ್ಮ ಕಡೆ ದಡದ ತುಂಬ ಜಾಲಿ ಮುಳ್ಳು ಅವೆ ಕಣಪ್ಪ, ಚುಚ್ಚಿದ್ರೆ?" ಅವನು ಪಂಕ್ಚರ್ ಹಾಕುವ ಡಬ್ಬಿ ತೋರಿಸಿದ. ನಿಮ್ಮ ಮಗ ಎದ್ದು ನಿಂತರು. ನೀರಿನ ಮಧ್ಯೆ ಕೂತು ಪಂಕ್ಚರ್ ಹಾಕುವ ವಯಸ್ಸು ನಮ್ಮದಲ್ಲ ಅಂತ ಹೇಳಿ ಅಲ್ಲಿಂದ ಹೊರಟೆವು.

ಎರಡನೆಯದನ್ನು ನೋಡಿದ ದಿನವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಕನಕಪುರದ ಕಡೆ ಮುಚ್ಚಿಹೋದ ಒಂದು ರೆಸಾರ್ಟಿನ ಫೈಬರ್ ದೋಣಿ. ನೀಲಿ ಬಣ್ಣ, ಬಿಳಿ ಸೀಟು, ದೊಡ್ಡ ಎಂಜಿನ್ನು, ಟ್ರೇಲರ್ ಸಮೇತ. ಅರ್ಧ ಬೆಲೆಗೆ ಸಿಗುತ್ತದೆ ಅಂದರು. ನಾಲ್ಕು ಜನ ಸೇರಿ ಮೂತಿ ಎತ್ತಲು ಹೋದರೆ ಏದುಸಿರು. "ತೂಕ ನೋಡಿ ಮೇಡಂ, ಈಗಿನ ಮಾಲೆಲ್ಲ ಹಗುರ" ಅಂದ ಮಾರುವವನು. ನಮಗೆ ಇನ್ನೇನು ಬೇಕು? ತೂಕ ಅಂದ ಕೂಡಲೇ ತಕ್ಕಡಿ ಹುಡುಕುವ ಜಾತಿ ನಮ್ಮದು. ಹಾಕಿಸಿಯೇ ಬಿಡೋಣ ಅಂತ ದೋಣಿಯನ್ನು ಎಳೆಸಿಕೊಂಡು ರಸ್ತೆ ಬದಿಯ, ಲಾರಿ ತೂಗುವ ವೇಬ್ರಿಡ್ಜಿಗೆ ಹೋದೆವು. ಕಲ್ಲಿನ ಲಾರಿಗಳ ಸಾಲಿನಲ್ಲಿ ಒಂದು ನೀಲಿ ದೋಣಿ. ಲಾರಿಯವರೆಲ್ಲ ಇಳಿದು ಬಂದು ಫೋಟೋ ಹೊಡೆದುಕೊಂಡರು.

ಚೀಟಿ ಬಂತು. ಟ್ರೇಲರ್ ತೂಕ ಕಳೆದರೂ ದೋಣಿ ಅದರ ಕಾಗದದಲ್ಲಿ ಬರೆದಿದ್ದಕ್ಕಿಂತ ನೂರಿಪ್ಪತ್ತು ಕೆಜಿ ಹೆಚ್ಚಿತ್ತು. ನಾನೂ ನಿಮ್ಮ ಮಗನೂ ಮುಖ ಮುಖ ನೋಡಿಕೊಂಡು ಒಳಗೊಳಗೇ ನಕ್ಕೆವು ಮಾವ. ಅಷ್ಟೂ ಮಾಲು ಪುಕ್ಕಟೆ ಬಂತು ಅಂತ. ಅವರು ನನ್ನನ್ನು ಪಕ್ಕಕ್ಕೆ ಕರೆದು, "ನೀನೇ ಹೇಳಮ್ಮಿ, ತಗಳನಾ?" ಅಂದರು. ಎರಡು ವರ್ಷದಲ್ಲಿ ಮೊದಲ ಸಲ ನನ್ನನ್ನು ಕೇಳಿದ್ದರು. ಹೂಂ ಅನ್ನಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ವೇಬ್ರಿಡ್ಜಿನ ಕಬ್ಬಿಣದ ಹಾಳೆಯ ಮೇಲೆ ಟಪ್ ಅಂತ ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ವರ್ಷದಿಂದ ನೀರಿಗೇ ಇಳಿಯದೆ ಶೆಡ್ಡಿನಲ್ಲಿ ನಿಂತಿದ್ದ ದೋಣಿಯಿಂದ ನೀರು ತೊಟ್ಟಿಕ್ಕುತ್ತಿದೆ ಅಂದರೆ?

ದೋಣಿ ಹತ್ತಿ, ಆ ಬಿಳಿ ಸೀಟು ತೆಗೆಸಿ, ಹಲಗೆಯ ಕೆಳಗೆ ಮೊಣಕೈವರೆಗೂ ಕೈ ಹಾಕಿದೆ. ತಣ್ಣಗೆ, ಜಿಗುಟು ಜಿಗುಟು. ಮುಂಭಾಗವನ್ನು ಬೆರಳಿನಿಂದ ಕುಟ್ಟಿದೆ, ಟಣ್ ಅಂದಿತು. ಎಂಜಿನ್ ಕೂರುವ ಹಿಂಭಾಗವನ್ನು ಕುಟ್ಟಿದೆ, ಸದ್ದೇ ಇಲ್ಲ. ಎರಡು ಪದರದ ನಡುವೆ ತುಂಬಿದ್ದ ಫೋಮು ನೀರು ಕುಡಿದು ಕೂತಿತ್ತು, ಎಂಜಿನ್ ಹೊರುವ ಮರವೂ ಒಳಗೇ ಕೊಳೆತಿತ್ತು. "ಇದು ಒದ್ದೆ ಗೂಡು ಕಣ್ರೀ, ಬ್ಯಾಡ" ಅಂದೆ. ಮಾರುವವನಿಗೆ ಅರ್ಥವಾಗಲಿಲ್ಲ, ನಿಮ್ಮ ಮಗನಿಗೆ ಅರ್ಥವಾಯಿತು. ಅವರು ಕೈಯಲ್ಲಿದ್ದ ಮುಂಗಡದ ದುಡ್ಡನ್ನು ಜೇಬಿಗೆ ಹಾಕಿಕೊಂಡರು.

ಕೊನೆಗೆ ಕೊಂಡದ್ದು ಮಾಗಡಿ ರಸ್ತೆಯಲ್ಲಿ ವೆಲ್ಡಿಂಗ್ ಶೆಡ್ಡು ಇಟ್ಟಿರುವ ಶಿವಲಿಂಗಣ್ಣ ಮಾಡಿದ ಅಲ್ಯೂಮಿನಿಯಂ ದೋಣಿ. ನೋಡಲು ದೊಡ್ಡ ಪಾತ್ರೆಯ ಹಾಗಿದೆ, ಅಂದ ಚೆಂದ ಏನಿಲ್ಲ. ಇಬ್ಬರೇ ಎತ್ತಬಹುದು. ಬೆಸುಗೆಯ ಉದ್ದಕ್ಕೂ ಬೆರಳಾಡಿಸಿದೆ, ಎಲ್ಲೂ ತಡೆಯಲಿಲ್ಲ. ನೀರು ತುಂಬಿಸಿ ಒಂದು ಗಂಟೆ ನಿಲ್ಲಿಸು ಅಂದೆ, ನಿಲ್ಲಿಸಿದ. ಹೊರಗೆ ಒಂದು ತೊಟ್ಟೂ ಇಳಿಯಲಿಲ್ಲ. "ಇಂಗೆ ತಳ ನೋಡಿ ತಗಳೋರ್ನ ನಾನ್ ನೋಡ್ಲೇ ಇಲ್ಲ ಕಣಕ್ಕ, ಎಲ್ರೂ ಬಣ್ಣ ಕೇಳ್ತರೆ" ಅಂದ. ಎಂಜಿನ್ನು ಹೊಸದು, ಸಣ್ಣದು, ಆದರೆ ರಿಪೇರಿ ಮಾಡುವವರು ಚನ್ನಪಟ್ಟಣದಲ್ಲೇ ಇದ್ದಾರೆ. ರೆಸಾರ್ಟಿನದಕ್ಕಿಂತ ಬೆಲೆ ಜಾಸ್ತಿಯೇ ಆಯಿತು. ಆದರೆ ನಾವು ಗೂಡಿನ ಬೆಲೆಯೊಂದನ್ನೇ ನೋಡುತ್ತೇವಾ? ಒಂದು ಕೆಜಿ ನೂಲಿಗೆ ಎಷ್ಟು ಗೂಡು ಹಿಡಿಯಿತು ಅಂತ ನೋಡುತ್ತೇವೆ. ಒಂದು ಭಾನುವಾರದ ಖುಷಿಗೆ ಎಷ್ಟು ಪೆಟ್ರೋಲು, ಎಷ್ಟು ರಿಪೇರಿ, ಎಷ್ಟು ತಲೆನೋವು ಅಂತ ಹಾಗೆಯೇ ತೂಗಿ ನೋಡಿದೆ. ಅಗ್ಗದ್ದೇ ದುಬಾರಿ ಅನಿಸಿತು.

ಹೋದ ತಿಂಗಳ ಒಂದು ಭಾನುವಾರ ಕಣ್ವದಲ್ಲಿ ಇಳಿಸಿದೆವು. ಪೂಜೆ ಮಾಡಲು ಹೋದರೆ ನಿಂಬೆಹಣ್ಣು ಇಡುವುದಕ್ಕೆ ದೋಣಿಗೆ ಚಕ್ರವೆಲ್ಲಿ? ಟ್ರೇಲರಿನ ಚಕ್ರದ ಕೆಳಗೆ ಇಟ್ಟು ಚಪ್ಪಟೆ ಮಾಡಿಸಿದೆವು. ನಿಮ್ಮ ಮಗ ಲೈಫ್ ಜಾಕೆಟ್ಟು ಬಿಗಿದುಕೊಂಡು ಎರಡೂ ಕೈಯಲ್ಲಿ ಅಂಚು ಹಿಡಿದು ಕೂತರು, ಮದುವೆಯ ದಿನವೂ ಅಷ್ಟು ನೆಟ್ಟಗೆ ಕೂತಿರಲಿಲ್ಲ. ಪವಿತ್ರ ಹಗ್ಗ ಎಳೆದಳು. ಮೂರನೇ ಸಲಕ್ಕೆ ಎಂಜಿನ್ನು ಹಿಡಿಯಿತು. ಮೂತಿ ಎದ್ದು ನೀರು ಎರಡೂ ಕಡೆಗೆ ಸೀಳಿಕೊಂಡು ಹೋದಾಗ ನನಗೆ ನಗು ತಡೆಯಲಾಗಲಿಲ್ಲ ಮಾವ. ಕಣ್ಣಲ್ಲಿ ನೀರೂ ಬಂತು, ಗಾಳಿಗೆ ಅಂದುಕೊಂಡರು. ನೀವು ಇರಬೇಕಿತ್ತು. ಆಮೇಲೆ ಎಂಜಿನ್ನಿನ ಹ್ಯಾಂಡಲ್ ನನ್ನ ಕೈಗೇ ಕೊಟ್ಟರು.

ಇನ್ನೊಂದು ವಿಷಯ ಇದೆ, ಅದಕ್ಕೇ ಈ ಕಾಗದ. ನೀವು ಹೋದ ಮೇಲೆ, ಗೂಡು ಕೊಂಡು ನೂಲು ತೆಗೆಯುವ ರೀಲಿಂಗ್ ಲೈಸೆನ್ಸು ನಿಮ್ಮ ಮಗನ ಹೆಸರಿಗೆ ಆಗಿತ್ತು. ಅದರ ಅವಧಿ ಮುಗಿಯಿತು ಅಂತ ಅವರು ಹೊಸ ಅರ್ಜಿ ತಂದಿದ್ದರು. ದೋಣಿ ಇಳಿಸಿ ಬಂದ ಮಾರನೇ ದಿನ ಅದನ್ನು ತುಂಬುತ್ತಾ ಕೂತಿದ್ದಾಗ, ನಾನು ಕಾಫಿ ಇಡಲು ಹೋಗಿ ಬಗ್ಗಿ ನೋಡಿದೆ. ರೀಲರ್ ಹೆಸರು ಅಂತ ಇದ್ದ ಕಡೆ ಜಯಮ್ಮ ಅಂತ ನನ್ನ ಹೆಸರು ಬರೆದಿದ್ದರು. "ತಪ್ಪಾಗೈತೆ" ಅಂದೆ. "ತಪ್ಪೇನಿಲ್ಲ, ಸೈನ್ ಹಾಕು" ಅಂದು ಪೆನ್ನು ಕೊಟ್ಟರು. ಸಹಿ ಒಂಚೂರು ಸೊಟ್ಟಗಾಗಿದೆ.

ನಿನ್ನೆ ಲೈಸೆನ್ಸು ಕೈಗೆ ಬಂತು. ನಾಳೆ ಸೋಮವಾರ, ಬೆಳಿಗ್ಗೆ ಮಾರುಕಟ್ಟೆಗೆ ನಾನೇ ಹೋಗುತ್ತೇನೆ. ಹೆದರಿಕೆ ಇಲ್ಲ ಅಂದರೆ ಸುಳ್ಳು. ಮತ್ತೊಮ್ಮೆ ಕೆಟ್ಟ ಲಾಟು ತಂದರೂ ತರಬಹುದು. ತಂದರೆ ಈ ಸಲ ಮನೆಯಲ್ಲಿ ಕೂರುವುದಿಲ್ಲ ಮಾವ, ಮಾರನೇ ದಿನ ಮತ್ತೆ ಹೋಗುತ್ತೇನೆ.

ನಿಮ್ಮ ಸೊಸೆ,
ಜಯ