ಗುಳಿಮನೆಯ ಒಲೆ

ಯಾರ್ಕ್‌ಟನ್, ಸಸ್ಕಾಚೆವಾನ್
೧೧ ಜೂನ್ ೧೯೯೬, ಮಂಗಳವಾರ

ಪ್ರೀತಿಯ ತಮ್ಮ ಡ್ಮಿತ್ರೋಗೆ,

ಸೊಂಟ ಹೇಗಿದೆಯೋ? ಡಾಕ್ಟರು ಹೇಳಿದ ಹಾಗೆ ದಿನಾ ನಡೀತೀಯೋ, ಇಲ್ಲ ಕಿಟಕಿ ಪಕ್ಕ ಕೂತು ಸಮುದ್ರ ನೋಡ್ತಾ ಇರ್ತೀಯೋ? ನಡಿ. ಕೂತವನ ಕಾಲು ಕೂತೇ ಹೋಗುತ್ತೆ. ನನ್ನ ಬಿ.ಪಿ. ಹಾಗೇ ಇದೆ, ಸಿಟ್ಟೂ ಹಾಗೇ ಇದೆ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಬರಹ, ತಪ್ಪು ಹುಡುಕಬೇಡ, ಓದು.

ಭಾನುವಾರ ತಾತನ ಜಮೀನಿಗೆ ಹೋಗಿದ್ದೆವು. ನೀನು ಅದನ್ನು ಪಕ್ಕದ ದೊಡ್ಡ ಫಾರಮ್ಮಿನವರಿಗೆ ಮಾರುತ್ತೀಯ, ಅವರು ಗುಂಡಿಗಿಂಡಿ ಎಲ್ಲಾ ಮುಚ್ಚಿ ಸಪಾಟು ಮಾಡಿ ಬಿತ್ತುತ್ತಾರೆ ಎಂದು ಕೇಳಿದಾಗಿನಿಂದ ನನ್ನ ಮಗಳು ಒರಿಸ್ಯಾಳದು ಒಂದೇ ಹಟ. ‘ಅಮ್ಮಾ, ಮಾರೋದಕ್ಕೆ ಮುಂಚೆ ಮಕ್ಕಳಿಗೆ ಒಂದ್ಸಲ ತೋರಿಸೋಣ, ಇವಾಸನ ಸಮಾಧಿ ಹುಡುಕಿ ಶಿಲುಬೆ ನೆಡೋಣ.’ ಇವಾಸ್ ಗೊತ್ತಲ್ಲ, ಅಜ್ಜಿಯ ಚೊಚ್ಚಲು. ಉಕ್ರೇನ್ ಬಿಟ್ಟು ಬಂದ ಮೊದಲ ಚಳಿಗಾಲದಲ್ಲೇ, ಜನವರಿಯಲ್ಲಿ, ಕೆಮ್ಮಿ ಕೆಮ್ಮಿ ಹೋದ ಮಗು. ಎಲ್ಲಿ ಮಣ್ಣು ಮಾಡಿದರೆಂದು ಅಜ್ಜಿ ಯಾರಿಗೂ ಹೇಳಲಿಲ್ಲ. ತಾತನನ್ನು ಕೇಳಿದರೆ ಮೇಲೆ ಬೀಳುತ್ತಿದ್ದ. ಅಳಿಯ ಗಾರ್ಡನ್ ಮರದ ಶಿಲುಬೆ ಮಾಡಿ, ಬಿಳಿ ಬಣ್ಣ ಹೊಡೆದು, ಕಾರಿನ ಮೇಲೆ ಕಟ್ಟಿಕೊಂಡು ಬಂದ. ಒಳ್ಳೆಯವನು, ಬಾಯಿ ಮಾತ್ರ ಜಾಸ್ತಿ.

ಅಲ್ಲಿ ಈಗ ಏನಿದೆ ಮಣ್ಣು! ಮರದ ಮನೆ ಮಕಾಡೆ ಮಲಗಿದೆ. ಅಜ್ಜಿ ನೆಟ್ಟ ಲೈಲಾಕ್ ಪೊದೆ ಮಾತ್ರ, ನೋಡುವವರು ಒಬ್ಬರೂ ಇಲ್ಲದಿದ್ದರೂ, ನಾಚಿಕೆಯಿಲ್ಲದೆ ಹೂ ಬಿಟ್ಟಿದೆ. ಅದರಾಚೆ ಗುಳಿಮನೆ. ಮರದ ಮನೆ ಏಳುವ ತನಕ ತಾತ-ಅಜ್ಜಿ ಇಲಿಗಳ ಹಾಗೆ ಬದುಕಿದ್ದು ಅಲ್ಲೇ ಅಲ್ಲವೇ, ನೆಲ ಅಗೆದು ಮೇಲೆ ಹುಲ್ಲುಹೆಂಟೆ ಹೊದಿಸಿಕೊಂಡು. ಮಾಡು ಕುಸಿದಿದೆ. ಮೂಲೆಯ ಮಣ್ಣೊಲೆ ಕರಗಿ ಕೆಂಪು ದಿಬ್ಬವಾಗಿದೆ. ಮಧ್ಯಾಹ್ನದ ತನಕ ಪೊದೆಪೊದೆಯಲ್ಲಿ ಸಮಾಧಿ ಹುಡುಕಿದೆವು, ಒಂದು ಗುರುತಿನ ಕಲ್ಲೂ ಸಿಗಲಿಲ್ಲ. ಗಾಳಿ ಬೇರೆ, ನಿಲ್ಲಲು ಬಿಡದು. ಗುಳಿಯೊಳಗೆ ಇಳಿದು ಬುತ್ತಿ ಬಿಚ್ಚಿದೆವು. ಗಾರ್ಡನ್ ಆ ಒಲೆಯ ದಿಬ್ಬದ ಮೇಲೆ ಕೂತು, ಅದಕ್ಕೇ ಕುಟ್ಟಿ ಮೊಟ್ಟೆ ಸುಲಿದ.

ತಿನ್ನುತ್ತಾ ಉಪದೇಶ ಶುರು. ‘ಅತ್ತೆ, ಆ ದಿಣ್ಣೆ ಮೇಲೇ ಇರಬೇಕು. ಹೆತ್ತವರು ಮಗೂನ ಚೆಂದದ ಜಾಗ ನೋಡಿ ತಾನೇ ಮಲಗಿಸೋದು?’ ನನಗೆ ಉರಿದುಹೋಯಿತು. ‘ಅಲ್ಲಪ್ಪಾ ಪೇಟೆ ಪಂಡಿತ, ಜನವರಿಯಲ್ಲಿ ಈ ನೆಲಕ್ಕೆ ಗುದ್ದಲಿ ಹಾಕಿ ನೋಡಿದ್ದೀಯಾ? ಗುದ್ದಲಿ ಮುರಿಯುತ್ತೆ, ನೆಲ ಬಿರಿಯಲ್ಲ. ಬೆಂಕಿ ಹಾಕಿ ಕಾಯಿಸದೆ ಒಂದು ಗೇಣೂ ಇಳಿಯಲ್ಲ!’

ಅಂದೆ. ಅಂದವಳ ಕಣ್ಣು ಅವನು ಕೂತಿದ್ದ ಒಲೆಯ ದಿಬ್ಬದ ಮೇಲೆ ಬಿತ್ತು.

ಮಗುವನ್ನು ಹೊರಗೆ ಹಿಮದಲ್ಲಿ ಇಡೋಣವೆಂದರೆ ತೋಳಗಳು. ಕೊಟ್ಟಿಗೆ ಇನ್ನೂ ಕಟ್ಟಿರಲಿಲ್ಲ. ಆ ಚಳಿಗಾಲದಲ್ಲಿ ಅವರ ಇಡೀ ಜಮೀನಿನಲ್ಲಿ ಮೆತ್ತಗಿದ್ದ ನೆಲ ಒಂದೇ ಕಡೆ ಕಣೋ. ಅದರ ಮೇಲೇ ಅಜ್ಜಿ ಬೇಸಿಗೆ ಬರುವ ತನಕ ರೊಟ್ಟಿ ಸುಟ್ಟಿದ್ದಾಳೆ.

ಗಾರ್ಡನ್ನಿಗೆ ಏಳು ಅಂದೆ. ಯಾಕೆ ಅಂದ. ಏಳೋ ಮೇಲೆ ಅಂದೆ.

ನೆನಪಿದೆಯಾ, ಅಂಥಾ ಒಳ್ಳೆ ತಣ್ಣನೆ ಗುಳಿಮನೆ ಖಾಲಿ ಬಿದ್ದಿದ್ದರೂ ಅದರಲ್ಲಿ ಆಲೂಗಡ್ಡೆ ಇಡಲು ಬಿಡದೆ ತಾತನ ಕೈಯಲ್ಲಿ ಬೇರೆ ಗುಂಡಿ ತೋಡಿಸಿದಳು? ‘ಮುದುಕಿಯ ತಲೆ ಕೆಟ್ಟಿದೆ’ ಅಂತ ಊರೆಲ್ಲಾ ನಕ್ಕಿತು. ಕ್ರಿಸ್ಮಸ್ ಹಿಂದಿನ ಸಂಜೆ ಎಲ್ಲರ ಮನೆಯಲ್ಲೂ ಸತ್ತವರ ಪಾಲಿನ ಗೋಧಿ ಪಾಯಸ ಮೇಜಿನ ಮೇಲಿಟ್ಟರೆ ಇವಳು ಬಟ್ಟಲು ಹಿಡಿದು ಹಿಮದಲ್ಲಿ ಗುಳಿಗೆ ಇಳಿಯುತ್ತಿದ್ದಳು. ಬೆಕ್ಕಿಗೆ ಅಂದುಕೊಂಡಿದ್ದೆ ನಾನು. ಇನ್ನು ನೀನು ತಿಂದ ಏಟು. ಆಟಕ್ಕೆ ಮಣ್ಣು ಬೇಕೆಂದು ನೀನು ಆ ಒಲೆ ಕೆದಕಿದ್ದೆ. ಯಾರ ಮೇಲೂ ಕೈಯೆತ್ತದ ಅಜ್ಜಿ ಪೊರಕೆ ಮುರಿಯುವ ತನಕ ಬಾರಿಸಿದಳು, ಆಮೇಲೆ ಅಲ್ಲೇ ಬಿದ್ದು ನಿನಗಿಂತ ಜೋರಾಗಿ ಅತ್ತಳು. ಅದನ್ನು ಇವತ್ತಿನವರೆಗೂ ಹೊಟ್ಟೆಯಲ್ಲಿಟ್ಟುಕೊಂಡಿದ್ದೀಯ. ‘ಆ ಮುದುಕಿಯ ಮಣ್ಣು ನನಗೆ ಬೇಡ’ ಅಂತ ಹೋದ ತಿಂಗಳೂ ಫೋನಿನಲ್ಲಿ ಅಂದೆ. ಹೊಡೆದದ್ದು ನಿನಗಲ್ಲ ಕಣೋ ದಡ್ಡ. ಕೆದಕುತ್ತಿದ್ದ ಕೈಗೆ.

ಶಿಲುಬೆ ನೆಡಲಿಲ್ಲ, ಬುಲ್ಡೋಜರು ಬಂದರೆ ಅದೇ ಮೊದಲು ಮುರಿಯೋದು. ನನ್ನ ಅಡುಗೆಮನೆ ಬಾಗಿಲ ಹಿಂದೆ ನಿಂತಿದೆ. ಒಲೆ ಹಚ್ಚುವಾಗೆಲ್ಲಾ ಕಣ್ಣಿಗೆ ಬೀಳುತ್ತೆ.

ಯುಸ್ತಿನಾಗೆ ನನ್ನ ನೆನಪು ಹೇಳು. ಮಾತ್ರೆ ತಪ್ಪಿಸಬೇಡ. ದೇವರು ನಿನ್ನನ್ನು ಕಾಯಲಿ, ನಿನ್ನ ಹಟವನ್ನು ಮಾತ್ರ ಮುರಿಯಲಿ.

ನಿನ್ನ ಅಕ್ಕ
ಪರಾಸ್ಕಾ

ಮ.ವಿ: ಮಾರಾಟದ ಪತ್ರಕ್ಕೆ ಸಹಿ ಹಾಕಿಲ್ಲ ಅಂದರೆ ಹಾಕಬೇಡ. ಹಾಕಿಯಾಗಿದೆ ಅಂದರೆ ಮುಚ್ಚಿಡದೆ ಈ ಕಾಗದ ಸಿಕ್ಕ ದಿನವೇ ಫೋನ್ ಮಾಡು. ಇಗರ್ಜಿಯ ಸ್ಮಶಾನದಲ್ಲಿ ಅಜ್ಜಿಯ ಪಕ್ಕ ಜಾಗ ಇದೆ, ಪಾದ್ರಿಯನ್ನು ಕೇಳಿದ್ದೇನೆ. ಅವರ ಬುಲ್ಡೋಜರಿಗೆ ಮುಂಚೆ ನಾನೇ ಗುದ್ದಲಿ ಹಿಡಿದು ಹೋಗುತ್ತೇನೆ. ಈಗ ಜೂನ್. ನೆಲ ಮೆತ್ತಗಿದೆ.