ಪಚ್ಚೆ ಅಂದರೆ ಯಾವ ಬಣ್ಣ?

ಚಾಂಪಿಯನ್ ರೀಫ್ಸ್, ಕೆ.ಜಿ.ಎಫ್.
ಭಾನುವಾರ, ೭ ಮಾರ್ಚ್ ೧೯೯೩

ಪ್ರೀತಿಯ ರತ್ನಾ,

ಹೇಗಿದ್ದೀಯ? ಪಾಪು ಹೇಗಿದ್ದಾಳೆ? ನೆಗಡಿ ಅಂತ ಬರೆದಿದ್ದೆಯಲ್ಲ, ಕಡಿಮೆ ಆಯಿತಾ? ಬಂಗಾರಪೇಟೆಗೆ ಹೋದಾಗ ನಮ್ಮಮ್ಮನಿಗೆ ಈ ವಿಷಯ ಹೇಳಿ ತಪ್ಪು ಮಾಡಿದೆ. ಈಗಿಂದೀಗಲೇ ನಂಗಲಿಗೆ ಬಸ್ಸು ಹತ್ತುತ್ತೇನೆ ಎಂದು ಎದ್ದು ನಿಂತುಬಿಟ್ಟಳು. ಹಸುವಿಗೆ ಹುಲ್ಲು ಹಾಕುವವರು ಯಾರು ಅಂತ ಕೇಳಿದ ಮೇಲೆ ಮತ್ತೆ ಕುಳಿತಳು. ಮಗುವಿನ ನೆತ್ತಿಗೆ ಹರಳೆಣ್ಣೆ ಒತ್ತಬೇಕಂತೆ, ಗಾಳಿಗೆ ಒಡ್ಡಬಾರದಂತೆ, ನೀನು ತಣ್ಣೀರು ಮುಟ್ಟಬಾರದಂತೆ. ಇದೆಲ್ಲ ಅತ್ತೆಗೆ ಗೊತ್ತಿರುವುದಿಲ್ಲವೇನಮ್ಮಾ ಅಂದರೆ, "ಗೊತ್ತಿದ್ರೂ ಬರೀಲಾ, ನಾನ್ ಏಳ್ದೆ ಅಂತ ಬರೀ" ಅಂದಳು. ಬರೆದಿದ್ದೇನೆ. ಅತ್ತೆಗೆ ಕೋಪ ಬಂದರೆ ನನ್ನ ತಲೆಗೆ ಕಟ್ಟಿಬಿಡು. ಪಾಪು ಈಗ ನಗುತ್ತಾಳೆ ಅಂತಲೂ ಬರೆದಿದ್ದೀಯ. ಯಾರನ್ನು ನೋಡಿ ನಗುತ್ತಾಳೆ? ನಿನ್ನ ತಮ್ಮ ಕೋದಂಡಪ್ಪನನ್ನು ನೋಡಿ ಅನ್ನುವುದಾದರೆ ನನಗೆ ಹೊಟ್ಟೆ ಉರಿಯುತ್ತದೆ, ಈಗಲೇ ಹೇಳಿಬಿಟ್ಟಿದ್ದೇನೆ. ನಾನು ಬಂದಾಗಲೆಲ್ಲ ಮುಖ ಹಿಂಡಿಕೊಂಡು ಅತ್ತವಳು ಅವಳು. ಅಪ್ಪನ ಮೀಸೆ ಹಿಡಿಸಲಿಲ್ಲವೋ ಏನೋ. ಬೇಕಾದರೆ ತೆಗೆಸುತ್ತೇನೆ.

ನಾನು ಚೆನ್ನಾಗಿದ್ದೇನೆ. ಅನ್ನ ಈಗ ತಳ ಹಿಡಿಯುವುದಿಲ್ಲ, ಸಾರು ಮಾತ್ರ ದಿನಕ್ಕೊಂದು ರುಚಿ. ನೀನು ಊರಿಗೆ ಹೊರಟ ದಿನ ಬಸ್ಸಿನ ಕಿಟಕಿಯಲ್ಲಿ ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ನೀವ್ ಗಣಿಗಿಳಿಯಾದ್ ಬಿಟ್ಟು ಮ್ಯಾಲಿನ್ ಕೆಲ್ಸಕ್ ಬಂದ್ ದಿನ ನಾನೂ ಬತ್ತೀನಿ. ಪಾಪೂನ ಎತ್ಕಂಡು ಬಾಗ್ಲಾಗೆ ನಿಂತ್ಕಳಾಕೆ ನನ್ ಕೈಲಾಗಲ್ಲ" ಅಂದಿದ್ದೆ. ಆವತ್ತು ನನಗೆ ಸಿಟ್ಟು ಬಂದಿತ್ತು. ಗಣಿಯೊಳಗೆ ಬಂಡೆ ಸಿಡಿದಾಗಲೆಲ್ಲ ಇಲ್ಲಿ ನಮ್ಮ ಅಟ್ಟದ ಪಾತ್ರೆಗಳು ಗಡಗಡ ಅನ್ನುವುದು, ನಮ್ಮ ಲೈನ್ ಮನೆಗಳ ಹೆಂಗಸರೆಲ್ಲ ಬಾಗಿಲಿಗೆ ಬರುವುದು, ನಾನು ತಿರುವಿನಲ್ಲಿ ಕಾಣುವವರೆಗೂ ನೀನು ಒಲೆ ಮೇಲಿನದನ್ನು ಮರೆತು ನಿಂತಿರುವುದು, ಇದನ್ನೆಲ್ಲ ನಾನು ತಮಾಷೆ ಮಾಡುತ್ತಿದ್ದೆ. ನಾವು ಸರ್ವೆಯವರು, ಕೆಳಗಿಳಿದು ಟೇಪು ಹಿಡಿದು ಅಳೆದು ಬರುವವರು, ನಮಗೇನಾಗುತ್ತೆ ಅಂತ. ಮೊನ್ನೆ ರಜೆಯ ದಿನ ಮನೆಯಲ್ಲಿದ್ದಾಗ ಪಾತ್ರೆ ಗಡಗಡ ಅಂತು. ಆಮೇಲೆ ನೋಡಿಕೊಂಡರೆ ನಾನು ಬಾಗಿಲಲ್ಲಿ ನಿಂತಿದ್ದೇನೆ, ಕೈಯಲ್ಲಿ ಸೌಟು. ಯಾರಿಗೂ ಏನೂ ಆಗಿರಲಿಲ್ಲ. ಆದರೂ ಪಕ್ಕದ ಮನೆಯ ಗಂಡಸು ಬರುವ ತನಕ ಒಳಗೆ ಹೋಗಲು ಮನಸ್ಸಾಗಲಿಲ್ಲ. ನೀನು ಹೇಳಿದ್ದು ಸರಿ ರತ್ನಾ, ನಾನು ನಕ್ಕದ್ದು ತಪ್ಪು.

ಈಗ ಸುದ್ದಿಗೆ ಬರುತ್ತೇನೆ. ನಮ್ಮ ಡ್ರಾಯಿಂಗ್ ಆಫೀಸಿಗೆ ಕಂಪ್ಯೂಟರ್ ಬಂದಿದೆ. ಅದನ್ನು ಇಟ್ಟ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು, ದೇವರ ಮನೆಯ ಹಾಗೆ. ನನ್ನ ಅಕ್ಷರ ದುಂಡಗಿದೆ ಅಂತ ನಮ್ಮ ಮೇಲಿನವರಾದ ಆರುಮುಗಂ ಸಾರ್ ನನ್ನನ್ನೇ ಅದರ ಮುಂದೆ ಕೂರಿಸಿದರು. ಅದರಲ್ಲಿ ಅಕ್ಷರವನ್ನು ಕೈಯಲ್ಲಿ ಬರೆಯುವುದೇ ಇಲ್ಲ ಅನ್ನುವುದು ಅವರಿಗೂ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ಕೆಲಸ ಏನೆಂದರೆ, ಗಣಿಯ ಒಂದೊಂದು ಅಂತಸ್ತನ್ನೂ ಒಂದೊಂದು ಪೆಟ್ಟಿಗೆಯಾಗಿ ಬರೆದು, ನಡುವೆ ಗೆರೆ ಎಳೆದು ಇಡೀ ಗಣಿಯ ಮಾದರಿ ಮಾಡುವುದು. ಒಳ್ಳೆಯ ಗಾಳಿ ಒಳಗೆ ಹೋಗುವ ದಾರಿ ಒಂದು ಜಾತಿಯ ಗೆರೆ, ಕೆಟ್ಟ ಗಾಳಿ ವಾಪಸು ಬರುವುದು ಇನ್ನೊಂದು, ಅಪಾಯವಾದಾಗ ಜನ ಹೊರಗೆ ಬರಬೇಕಾದ ದಾರಿ ಮತ್ತೊಂದು. ದೊಡ್ಡ ಆಫೀಸಿನವರು ಬಂದು ನೋಡಿ ಒಪ್ಪಿದರೆ ಈ ಕೆಲಸಕ್ಕೆ ಒಬ್ಬನನ್ನು ಕಾಯಂ ಆಗಿ ಮೇಲೆಯೇ ಇಟ್ಟುಕೊಳ್ಳುತ್ತಾರೆ. ಒಪ್ಪದಿದ್ದರೆ ಆ ಒಬ್ಬ ಮತ್ತೆ ಟೇಪು ಹಿಡಿದು ಕೆಳಗೆ. ಆ ಒಬ್ಬ ಯಾರು ಅಂತ ನಿನಗೆ ಹೇಳಬೇಕಾಗಿಲ್ಲ.

ಆ ಪ್ರೋಗ್ರಾಮಿನ ಸೊಗಸು ಏನು ಗೊತ್ತಾ? ಒಂದು ಜಾತಿಯ ಗೆರೆ ಹೇಗಿರಬೇಕು ಅಂತ ಒಂದು ಕಡೆ ಹೇಳಿದರೆ ಸಾಕು. ದಪ್ಪ ಅಂದರೆ ಆ ಜಾತಿಯದೆಲ್ಲ ದಪ್ಪ, ಚುಕ್ಕಿ ಅಂದರೆ ಎಲ್ಲ ಚುಕ್ಕಿ. ಪೆಟ್ಟಿಗೆಗೂ ಹಾಗೆಯೇ. ಮೂಲೆ ಗುಂಡಗೆ ಮಾಡಬಹುದು, ನೆರಳು ಕೊಡಬಹುದು, ಅಂಚು ಕಟ್ಟಬಹುದು. ಹಸಿದವನನ್ನು ಮದುವೆ ಮನೆಗೆ ಬಿಟ್ಟ ಹಾಗಾಯಿತು ನನ್ನ ಕಥೆ. ಒಂದನ್ನೂ ಬಿಡಲಿಲ್ಲ. ಎರಡೆರಡು ಅಂಚು ಕಟ್ಟಿದೆ, ಮೂಲೆಮೂಲೆಗೂ ಬಳ್ಳಿ ಬಿಟ್ಟೆ, ಅಕ್ಷರಗಳನ್ನು ಬಾಗಿಸಿ ನಿಲ್ಲಿಸಿದೆ. ಆರುಮುಗಂ ಸಾರ್ ಕನ್ನಡಕ ಏರಿಸಿ ನೋಡಿ, "ಎನ್ನಾಪ್ಪಾ ಆದಿ, ಇದು ಮೈನ್ ಪ್ಲಾನಾ, ಇಲ್ಲ ನಿನ್ ಮದ್ವೆ ಪತ್ರಿಕೆನಾ? ಕೀಳೆ ತಾಂಬೂಲ ಉಂಟಾ?" ಅಂದರು, ಕೆಳಗೆ ತಾಂಬೂಲವೂ ಇದೆಯಾ ಅಂತ. ಎಲ್ಲ ತೆಗೆಸಿದರು. ಬರಿಯ ಪೆಟ್ಟಿಗೆ, ಬರಿಯ ಗೆರೆ ಉಳಿದವು. ಆಮೇಲೆ ಬಣ್ಣ ಹೇಳಿದರು. ಒಳಗೆ ಹೋಗುವ ಗಾಳಿಗೆ ನೀಲಿ, ವಾಪಸು ಬರುವುದಕ್ಕೆ ಕೆಂಪು, ಜನ ಹೊರಗೆ ಬರುವ ದಾರಿಗೆ ಪಚ್ಚೆ.

ಇಲ್ಲೇ ನೋಡು ನೀನು ಬರುವುದು. ನಮ್ಮ ಮದುವೆಯಾದ ಹೊಸದರಲ್ಲಿ ಆಂಡರ್ಸನ್‌ಪೇಟೆಯಿಂದ ಪಚ್ಚ ರವಿಕೆ ಬಟ್ಟೆ ತನ್ನಿ ಅಂದಿದ್ದೆ. ನಾನು ಗಿಣಿಯಂಥ ಹಸಿರು ಆರಿಸಿ, ಬೀಗುತ್ತಾ ತಂದು ಕೊಟ್ಟೆ. ನೀನು ಅದನ್ನು ಹಿಡಿದು ನೋಡಿ, "ಇದ್ಯಾವ ಪಚ್ಚ? ಇದು ಆಕು ಬಣ್ಣ, ಎಲೆ ಬಣ್ಣ. ಪಚ್ಚ ಅಂದ್ರೆ ಅರಿಸಿನ ಕಣ್ರೀ, ಅಷ್ಟೂ ಗೊತ್ತಾಗಲ್ವಾ ನಿಮ್ಗೆ?" ಅಂತ ನಕ್ಕೆ, ನಿನ್ನ ತಮ್ಮನಿಗೂ ಹೇಳಿ ನಗಿಸಿದೆ. ನಾನು ಬಿಸಿಲಲ್ಲಿ ವಾಪಸು ಹೋಗಿ ಅಂಗಡಿಯವನ ಕೈಕಾಲು ಹಿಡಿದು ಬದಲಾಯಿಸಿಕೊಂಡು ಬಂದೆ. ನಂಗಲಿ ಕಡೆಯ ತೆಲುಗಿನವರಿಗೆ ಪಚ್ಚ ಅಂದರೆ ಹಳದಿ ಅನ್ನುವುದು ಆವತ್ತೇ ನನ್ನ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತು. ಹಾಗಾಗಿ ತಮಿಳಿನ ಆರುಮುಗಂ ಸಾರ್ ಪಚ್ಚೆ ಅಂದ ಕೂಡಲೇ ನಾನು ಜಾಣನ ಹಾಗೆ ತಲೆಯಾಡಿಸಿ ಹಳದಿ ಪೆನ್ನಿನ ನಂಬರ್ ಒತ್ತಿಬಿಟ್ಟೆ. ಕಂಪ್ಯೂಟರಿನ ಗಾಜಿನಲ್ಲಿ ಬಣ್ಣ ಕಾಣುವುದಿಲ್ಲ, ಎಲ್ಲ ಬೂದಿ ಬೂದಿ. ಪೆನ್ನು ಹಿಡಿದು ತಾನೇ ಬರೆಯುವ ಇನ್ನೊಂದು ಯಂತ್ರ ಇದೆ, ಅದು ಹಾಳೆಯ ಮೇಲೆ ಬರೆದಾಗಲೇ ಬಣ್ಣ ಗೊತ್ತಾಗುವುದು. ಅದು ಬರೆದು ಮುಗಿಸುವುದಕ್ಕೂ ದೊಡ್ಡ ಆಫೀಸಿನವರ ಜೀಪು ಬಾಗಿಲಿಗೆ ಬರುವುದಕ್ಕೂ ಸರಿಹೋಯಿತು. ಗೆರೆ ತುಸು ಮಂಕು ಅನ್ನಿಸಿತು ನನಗೆ. ಆದರೆ ಸಾರ್ ಹೇಳಿದ ಬಣ್ಣ, ನಾನ್ಯಾರು ಕೇಳುವುದಕ್ಕೆ ಅಂತ ಸುಮ್ಮನಾದೆ.

ಬಂದಿದ್ದ ದೊಡ್ಡ ಅಧಿಕಾರಿ ಉತ್ತರದ ಕಡೆಯವರು, ನಮ್ಮ ಯಾವ ಭಾಷೆಯೂ ಬಾರದು. ಅವರು ಕುರ್ಚಿಯ ಮೇಲೆ ಕೂರಲೂ ಇಲ್ಲ. ಕಿಟಕಿ ಮುಚ್ಚಿಸಿ, ಟ್ಯೂಬ್‌ಲೈಟ್ ಆರಿಸಿ, ಗಣಿಯೊಳಗೆ ತಲೆಗೆ ಕಟ್ಟಿಕೊಳ್ಳುವ ದೀಪ ತರಿಸಿ ಆರುಮುಗಂ ಸಾರ್ ತಲೆಗೇ ಕಟ್ಟಿಸಿದರು. ಕೆಳಗೆ ಬೆಂಕಿ ಬಿದ್ದಿದೆ, ಈ ನಕ್ಷೆ ನೋಡಿಕೊಂಡು ಹೊರಗೆ ಹೋಗುವ ದಾರಿ ತೋರಿಸಿ ಅಂದರು. ಆ ದೀಪದ ಬೆಳಕು ನಿನಗೆ ಗೊತ್ತಲ್ಲ, ಹಳದಿ. ಹಳದಿ ಬೆಳಕಿನಲ್ಲಿ ನನ್ನ ಹಳದಿ ಗೆರೆ ಇದ್ದಕ್ಕಿದ್ದ ಹಾಗೆ ಮಾಯ. ನೀಲಿ ಇದೆ, ಕೆಂಪು ಇದೆ, ಹೊರಗೆ ಬರುವ ದಾರಿ ಮಾತ್ರ ಇಲ್ಲ. ಸಾರ್ ಬಗ್ಗಿದರು, ಇನ್ನೂ ಬಗ್ಗಿದರು, ಮೂಗು ಹಾಳೆಗೆ ತಾಗಿತು. ನಗಬೇಡ, ಆ ಕತ್ತಲೆಯಲ್ಲಿ ನನಗೆ ಕಂಡದ್ದು ನೀನು ಕೂತ ಬಸ್ಸಿನ ಕಿಟಕಿ.

ದೀಪ ಹಾಕಿದ ಮೇಲೆ ಶುರುವಾಯಿತು ನೋಡು. ಸಾರ್, "ಪಚ್ಚೆ ಎಲ್ಲಪ್ಪಾ?" ಅಂದರು. ನಾನು, "ಇದೇ ಸಾರ್ ಪಚ್ಚೆ" ಅಂದೆ. "ಅಯ್ಯಯ್ಯೋ, ಇದು ಮಂಜಾ ಕಣಪ್ಪಾ!" ಅಂತ ಹಣೆ ಹಣೆ ಚಚ್ಚಿಕೊಂಡರು. ಅವರ ತಮಿಳಿನಲ್ಲಿ ಪಚ್ಚೆ ಅಂದರೆ ಹಸಿರು, ಮಂಜಾ ಅಂದರೆ ಹಳದಿ. ಟೀ ಲೋಟ ತಂದಿದ್ದ ಕದಿರಮ್ಮ, ನಮ್ಮ ಆಫೀಸು ಗುಡಿಸುವಾಕೆ, ನಿನ್ನ ಕಡೆಯವಳೇ, ಬಾಗಿಲಲ್ಲೇ ನಿಂತು, "ಪಚ್ಚ ಅಂಟೇ ಪಸುಪೇ ಕದಾ ಸಾಮೀ? ಆ ಅಬ್ಬಾಯಿದೇಮಿ ತಪ್ಪು?" ಅಂದಳು. ಪಚ್ಚ ಅಂದರೆ ಅರಿಶಿನದ ಬಣ್ಣವೇ ತಾನೆ, ಹುಡುಗನದೇನು ತಪ್ಪು ಅಂತ. ಅಲ್ಲಿಗೆ ಆಫೀಸು ಎರಡು ಪಾಲಾಯಿತು. ತಮಿಳಿನವರೆಲ್ಲ ಎಲೆಯ ಕಡೆ, ತೆಲುಗಿನವರೆಲ್ಲ ಅರಿಶಿನದ ಕಡೆ. ಕನ್ನಡದವರಲ್ಲೂ ಒಗ್ಗಟ್ಟಿಲ್ಲ, ಹೆಂಡತಿ ಯಾವ ಊರಿನವಳೋ ಆ ಕಡೆ ನಿಂತರು. ದೊಡ್ಡ ಅಧಿಕಾರಿ ಟೀ ಹಿಡಿದು ಒಬ್ಬೊಬ್ಬರ ಬಾಯನ್ನೇ ನೋಡುತ್ತಿದ್ದರು. ಕೊನೆಗೆ ವಿಷಯ ತಿಳಿಸಿದಾಗ ಅವರೂ ನಕ್ಕರು. ನಕ್ಕು ಮುಗಿಸಿ, ಶನಿವಾರ ಮತ್ತೆ ಬರುತ್ತೇನೆ, ಸರಿಯಿಲ್ಲದಿದ್ದರೆ ಈ ಕೆಲಸ ಹೊರಗಿನವರಿಗೆ ಕೊಡುತ್ತೇನೆ ಅಂದು ಹೊರಟುಹೋದರು.

ಹಸಿರು ಹಾಕಿಬಿಟ್ಟರೆ ಆಯಿತಲ್ಲ ಅಂತ ಸಾರ್ ಅಂದರು. ನನಗೆ ಯಾಕೋ ಸಮಾಧಾನವಾಗಲಿಲ್ಲ. ಕೆಳಗೆ ಹೊಗೆಯಲ್ಲಿ ಒಬ್ಬ ಇನ್ನೊಬ್ಬನಿಗೆ ಪಚ್ಚೆ ಗೆರೆ ಹಿಡಿದು ಓಡು ಅಂತ ಕೂಗಿದರೆ, ಕೇಳಿಸಿಕೊಂಡವನ ಹೆಂಡತಿಯೂ ನಂಗಲಿಯವಳಾಗಿದ್ದರೆ? ಆ ಸಂಜೆ ಅಮ್ಮನನ್ನು ನೋಡಲು ಬಂಗಾರಪೇಟೆಗೆ ರೈಲು ಹತ್ತಿದೆ. ಬಾಗಿಲ ಬಳಿ ಕೂತು, ಹಿಂದೆ ಹಿಂದೆ ಓಡುವ ಹಳಿ ನೋಡುತ್ತಿದ್ದೆ. ನಮ್ಮ ಹಳಿ ಮಾರಿಕುಪ್ಪಂನಲ್ಲಿ ಮುಗಿದುಹೋಗುತ್ತದೆ, ಅಲ್ಲಿಂದ ಮುಂದಕ್ಕೆ ಇಲ್ಲ. ಇಲ್ಲಿಂದ ಹೊರಗೆ ಹೋಗುವವರೆಲ್ಲ, ಯಾವ ಭಾಷೆಯವರಾದರೂ, ಅದೇ ಹಳಿಯ ಮೇಲೆ ಹೋಗಬೇಕು. ಮಾರನೆಯ ದಿನ ಹೋದವನೇ ಆ ಜಾತಿಯ ಗೆರೆಯ ಬಣ್ಣ ಕಿತ್ತುಹಾಕಿ, ಕಪ್ಪಿನಲ್ಲೇ ಜೋಡಿ ಗೆರೆ ಎಳೆದು, ಅಡ್ಡಡ್ಡ ಪಟ್ಟಿ ಕೊಟ್ಟೆ. ಒಂದು ಕಡೆ ಹೇಳಿದ್ದೇ ತಡ, ಇಡೀ ಗಣಿಯಲ್ಲಿ ಹೊರಗೆ ಬರುವ ದಾರಿಯೆಲ್ಲ ರೈಲು ಹಳಿಯಾಗಿ ನಿಂತಿತು. ರತ್ನಾ, ಎಷ್ಟು ಚೆಂದ ಕಾಣುತ್ತಿತ್ತು ಗೊತ್ತಾ! ಬಳ್ಳಿ ಬಿಡಿಸಿದಾಗ ಕೂಡ ಅಷ್ಟು ಖುಷಿಯಾಗಿರಲಿಲ್ಲ.

ನಿನ್ನೆ ಅವರು ಬಂದರು. ಮತ್ತೆ ಕತ್ತಲೆ ಮಾಡಿಸಿ, ಈ ಸಲ ಕೆಲಸ ಮುಗಿಸಿ ಮೇಲೆ ಬಂದ ಕೆಲವರನ್ನು ಹಾಗೇ ಕರೆಸಿದರು, ಏನೂ ಹೇಳಿಕೊಡಬಾರದು ಅಂತ ನಮಗೆ ತಾಕೀತು. ಬಂದವರೆಲ್ಲ ಮೊದಲು ಆ ಹಳಿಯ ಮೇಲೇ ಬೆರಳಿಟ್ಟರು. ನಮ್ಮ ಬಂಗಾರಪೇಟೆ ಕಡೆಯ ಸೊಣ್ಣಪ್ಪ, ಹಾಳೆ ನೋಡುತ್ತಲೇ, "ಈ ರೈಲ್ ಇಡ್ಕಂಡ್ರೆ ಮನೆಗೇ ಓಗಾದು ಸಾರ್, ಇದ್ರಾಗೇನೈತೆ ಕೇಳಾಕೆ?" ಅಂದುಬಿಟ್ಟ. ಅಧಿಕಾರಿ ಹಾಳೆ ಸುತ್ತಿಕೊಂಡು ನೋಡೋಣ ಅಂದು ಹೋದರು. ಅವರ ನೋಡೋಣಕ್ಕೆ ಏನು ಅರ್ಥ ಅಂತ ಆರುಮುಗಂ ಸಾರ್‌ಗೂ ಗೊತ್ತಿಲ್ಲ. ನಿನ್ನೆಯಿಂದ ನನಗೆ ಊಟ ಸೇರುತ್ತಿಲ್ಲ. ಒಪ್ಪದಿದ್ದರೆ ನಿನಗೆ ಯಾವ ಮುಖ ಇಟ್ಟುಕೊಂಡು ಬಾ ಅನ್ನಲಿ? ಅನ್ನುವುದಿಲ್ಲ. ನೀನು ಅಲ್ಲೇ ಇರು, ನಾನೇ ವಾರ ವಾರ ಬಂದು ಪಾಪುವನ್ನು ಅಳಿಸಿ ಹೋಗುತ್ತೇನೆ.

ಅತ್ತೆ ಮಾವನಿಗೆ ನನ್ನ ನಮಸ್ಕಾರ. ಕೋದಂಡಪ್ಪನಿಗೆ, ಅವನು ಮಗುವನ್ನು ಅಷ್ಟೊಂದು ನಗಿಸಬೇಕಾಗಿಲ್ಲ ಅಂತ ಹೇಳು. ಪಾಪುವಿಗೆ ಎರಡು ಕೆನ್ನೆಗೂ ಮುತ್ತು, ನೀನು ಹೊಟ್ಟೆ ತುಂಬ ಉಣ್ಣು.

ಇಲ್ಲಿ ನಿನ್ನನ್ನೇ ನೆನೆಯುತ್ತಿರುವ,
ಆದಿನಾರಾಯಣ

ತಾ.ಕ.: ಸೋಮವಾರ ಸಂಜೆ. ಅಂಟಿಸಿದ ಕವರ್ ಬಿಚ್ಚಿ ನಿಂತುಕೊಂಡೇ ಗೀಚುತ್ತಿದ್ದೇನೆ, ಡಬ್ಬಿಯಿಂದ ಕಾಗದ ತೆಗೆಯುವವನು ಬರುವ ಹೊತ್ತು. ಆರ್ಡರ್ ಬಂತು ರತ್ನಾ! ಬುಧವಾರದಿಂದ ನಾನು ಮೇಲೆ, ಕಾಯಂ. ಒಂದೇ ವಿಷಯ. ನಕ್ಷೆಗಳನ್ನು ಕೆಳಗಿನ ಗೋಡೆಗಳಿಗೆ ಹಾಕಿಸಿ ಬರಲು ನಾಳೆ ಮಂಗಳವಾರ ಇನ್ನೊಂದು ಸಲ ಇಳಿಯಬೇಕು. ಹೇಳದೆ ಇದ್ದುಬಿಡಬಹುದಿತ್ತು, ಮನಸ್ಸು ಬರಲಿಲ್ಲ. ಈ ಕಾಗದ ನಂಗಲಿ ತಲುಪುವುದು ಬುಧವಾರವೋ ಗುರುವಾರವೋ. ಅಷ್ಟರಲ್ಲಿ ನಾನು ಮೇಲೆ ಬಂದು, ಸ್ನಾನ ಮಾಡಿ, ಉಂಡು ಮಲಗಿ ಎದ್ದಿರುತ್ತೇನೆ. ನೀನು ಇದನ್ನು ಓದಿ ಹೆದರುವ ಹೊತ್ತಿಗೆ ಹೆದರಬೇಕಾದ್ದೆಲ್ಲ ಮುಗಿದುಹೋಗಿರುತ್ತದೆ. ಬಟ್ಟೆ ಕಟ್ಟು.